ಮೀಸೆಯಿಲ್ಲದ ಮುಖ

ನಾನು ಮಾಡುವ ಕೆಲಸವನ್ನು ಊರಿನವರಿಗೆ ಹೇಳುವುದು ಕಷ್ಟ. ಕಳಸದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ‘ಈಗ ಎಂತ ಓದ್ತಾ ಇದ್ದೀಯಾ?’ ಎಂದು ಕೇಳಿದರೆ ‘ದವಡೆ’ ಎನ್ನುತ್ತೇನೆ. ‘ಹಲ್ಲಿನ ಡಾಕ್ಟ್ರಾ?’ ಎನ್ನುತ್ತಾರೆ. ಅಲ್ಲ, ಎಂಜಿನಿಯರಿಂಗು, ಪಿಎಚ್.ಡಿ. ಮಾಡ್ತಿದ್ದೇನೆ ಎಂದರೆ ‘ಅದು ಆದ್ಮೇಲೆ ಡಾಕ್ಟ್ರೇ ಅಲ್ವಾ’ ಎಂದು ಮಾತು ಮುಗಿಸಿ ಅಡಿಕೆ ರೇಟಿನ ಕಡೆ ಹೊರಳುತ್ತಾರೆ. ನಾನು ಡಾಕ್ಟರಲ್ಲ, ಮುಂದೆಯೂ ಆ ಅರ್ಥದ ಡಾಕ್ಟರಾಗುವುದಿಲ್ಲ ಎಂಬುದು ಈ ಬರಹದಲ್ಲಿ ಮುಖ್ಯವಾದ ಸಂಗತಿ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಆಸ್ಪತ್ರೆಯಲ್ಲಿ ತೆಗೆದ ಸಿ.ಟಿ. ಸ್ಕ್ಯಾನುಗಳಿಂದ ಮನುಷ್ಯರ ಕೆಳದವಡೆಯ ಮೂರು ಆಯಾಮದ ಮಾದರಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ನನ್ನ ಕೆಲಸ. ಬಾಯಿ ಕ್ಯಾನ್ಸರ್ ಬಂದವರಿಗೆ ದವಡೆಯ ಒಂದು ಭಾಗವನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಆ ಖಾಲಿ ಜಾಗಕ್ಕೆ ಮೊಣಕಾಲ ಕೆಳಗಿನ ಎರಡು ಮೂಳೆಗಳಲ್ಲಿ ಸಣ್ಣದನ್ನು, ಅದರ ರಕ್ತನಾಳದ ಸಮೇತ ತಂದು ಕೂರಿಸುತ್ತಾರೆ. ನ್ಯೂಯಾರ್ಕಿನ ಶಸ್ತ್ರವೈದ್ಯ ಡೇವಿಡ್ ಹಿಡಾಲ್ಗೊ 1989ರಲ್ಲಿ ಈ ವಿಧಾನವನ್ನು ಪ್ರಕಟಿಸಿದ ಮೇಲೆ ಇದು ಎಲ್ಲ ಕಡೆ ಹಬ್ಬಿತು. ಕಾಲಿನ ಮೂಳೆ ನೆಟ್ಟಗಿದೆ, ದವಡೆ ಲಾಳದ ಹಾಗೆ ಬಾಗಿದೆ. ಎಲ್ಲಿ ಕೊಯ್ದು, ಎಷ್ಟು ಓರೆಯಾಗಿ ಜೋಡಿಸಿದರೆ ಆ ಬಾಗು ಬರುತ್ತದೆ ಎನ್ನುವುದನ್ನು ಆಪರೇಷನ್ ಟೇಬಲ್ಲಿನ ಮೇಲೆ ನಿಂತ ನಿಲುವಿನಲ್ಲಿ ಯೋಚಿಸುವುದಕ್ಕಿಂತ ಮೊದಲೇ ಮಾದರಿಯೊಂದನ್ನು ಮುದ್ರಿಸಿ, ಟೈಟೇನಿಯಂ ಪಟ್ಟಿಯನ್ನು ಅದರ ಮೇಲೆ ಬಗ್ಗಿಸಿಟ್ಟುಕೊಂಡರೆ ಸಮಯ ಉಳಿಯುತ್ತದೆ. ಗೆಡ್ಡೆ ತಿಂದು ಹಾಕಿದ ಬದಿಯ ಆಕಾರ ಹೇಗಿತ್ತು ಎಂದು ತಿಳಿಯಲು ಚೆನ್ನಾಗಿರುವ ಬದಿಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಜೋಡಿಸುತ್ತೇವೆ. ಯಾರ ಮುಖವೂ ಎರಡು ಬದಿ ಒಂದೇ ಥರ ಇರುವುದಿಲ್ಲ. ಹಾಗಾಗಿ ಆಪರೇಷನ್ ಆದವರಿಗೆ ನಾವು ಕೊಡುವ ದವಡೆ ಅವರಿಗೆ ಮೊದಲು ಇದ್ದದ್ದಲ್ಲ.

ಸ್ಕ್ಯಾನ್ ಎಂದರೆ ಅಡ್ಡಡ್ಡ ಸೀಳಿದ ನೂರಾರು ಚಿತ್ರಗಳು, ಒಂದೊಂದರ ನಡುವೆ ಒಂದು ಮಿಲಿಮೀಟರೋ ಅದಕ್ಕಿಂತ ಕಡಿಮೆಯೋ ಅಂತರ. ಚಿತ್ರದ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ. ಗಾಳಿಗೆ ಮೈನಸ್ 1000, ನೀರಿಗೆ ಸೊನ್ನೆ, ಕೊಬ್ಬಿಗೆ ಮೈನಸ್ 100ರ ಆಸುಪಾಸು, ಸ್ನಾಯುವಿಗೆ 50ರ ಹತ್ತಿರ, ಗಟ್ಟಿ ಮೂಳೆಗೆ ಸಾವಿರದ ಮೇಲೆ, ಹಲ್ಲಿನ ಹೊರಕವಚಕ್ಕೆ ಇನ್ನೂ ಹೆಚ್ಚು. ಈ ಅಳತೆಗೆ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಹೆಸರಿದೆ. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ 1971ರಲ್ಲಿ ಮೊದಲ ರೋಗಿಯ ತಲೆಯನ್ನು ಹೀಗೆ ನೋಡಿದ್ದು ಅವರ ಯಂತ್ರ. 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ಅವರಿಗೆ ನೊಬೆಲ್ ಬಂತು.

ಈ ಸಂಖ್ಯೆಗಳಲ್ಲಿ ಒಂದನ್ನು ಗಡಿ ಎಂದು ಆರಿಸಿಕೊಳ್ಳಬೇಕು. ಅದಕ್ಕಿಂತ ಮೇಲಿನದ್ದೆಲ್ಲ ಮೂಳೆ, ಕೆಳಗಿನದ್ದು ಮೂಳೆಯಲ್ಲ. ಕೇಳಲು ಸುಲಭ. ನಮ್ಮ ಕಡೆ ತೋಟ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂದು ಸರ್ವೆಯವರು ಬಂದು ಬಾಂದುಕಲ್ಲು ಹುಡುಕುವುದನ್ನು ನೋಡಿದವರಿಗೆ ಇದು ಎಷ್ಟು ಸುಲಭ ಎಂದು ಗೊತ್ತು. ಕಾಫಿ ಗಿಡದ ಮೇಲೆ ಕಾಡುಮರದ ನೆರಳು, ಕಾಡಿನೊಳಗೆ ಯಾರೋ ಹಬ್ಬಿಸಿದ ಮೆಣಸಿನ ಬಳ್ಳಿ. ನಕ್ಷೆಯಲ್ಲಿ ಮಾತ್ರ ಗೆರೆ ಸ್ಪಷ್ಟ. ದವಡೆಯಲ್ಲೂ ಹಾಗೇ. ಕಿವಿಯ ಮುಂದಿನ ಕೀಲಿನ ಬಳಿ ಮೂಳೆ ತೆಳು. ಅರ್ಧ ಮೂಳೆ ಅರ್ಧ ಮಾಂಸ ಇರುವ ಚುಕ್ಕೆಗೆ ನಡುವಿನ ಸಂಖ್ಯೆ ಬರುತ್ತದೆ. ಗಡಿ ಏರಿಸಿದರೆ ಅಲ್ಲೆಲ್ಲ ತೂತು ಬೀಳುತ್ತದೆ, ಇಳಿಸಿದರೆ ದವಡೆ ತಲೆಬುರುಡೆಗೆ ಅಂಟಿಕೊಳ್ಳುತ್ತದೆ. ಹಲ್ಲಿಗೆ ಲೋಹ ತುಂಬಿಸಿದ್ದರೆ ಸೂರ್ಯನ ಕಿರಣಗಳ ಹಾಗೆ ಬಿಳಿ ಗೆರೆಗಳು ಚಿತ್ರದ ತುಂಬ ಚೆಲ್ಲಿರುತ್ತವೆ. ಆಗ ಒಂದೊಂದೇ ಚಿತ್ರವನ್ನು ತೆರೆದು ಕೈಯಲ್ಲಿ ಬಣ್ಣ ಹಚ್ಚಬೇಕು. ಒಂದು ದವಡೆಗೆ ಎರಡು ದಿನ ಹಿಡಿದದ್ದಿದೆ. ಕೊನೆಗೆ 1987ರಲ್ಲಿ ಲೊರೆನ್ಸನ್ ಮತ್ತು ಕ್ಲೈನ್ ಎಂಬಿಬ್ಬರು ಕೊಟ್ಟ ವಿಧಾನದಿಂದ ಆ ಚುಕ್ಕೆಗಳ ಮೇಲೆ ಲಕ್ಷಾಂತರ ಪುಟ್ಟ ತ್ರಿಕೋನಗಳ ಹೊದಿಕೆ ಹೊದಿಸಿ, ಮೆಟ್ಟಿಲು ಮೆಟ್ಟಿಲಾಗಿ ಕಾಣುವುದನ್ನು ನಯ ಮಾಡುತ್ತೇವೆ. ನಯ ಮಾಡಿದಷ್ಟೂ ದವಡೆ ಒಂದಿಷ್ಟು ಕುಗ್ಗುತ್ತದೆ. ಪರದೆಯ ಮೇಲೆ ತಿರುಗುವ ಆ ಚಂದದ ವಸ್ತುವನ್ನು ನೋಡಿದವರು ‘ಅವರ ದವಡೆ’ ಎನ್ನುತ್ತಾರೆ. ಅದರಲ್ಲಿ ಎಷ್ಟು ಅವರದ್ದು, ಎಷ್ಟು ನನ್ನ ಕೈಯದ್ದು ಎಂದು ನನಗೂ ಹೇಳಲಾಗುವುದಿಲ್ಲ.

ಈ ಕೆಲಸವನ್ನು ಕಂಪ್ಯೂಟರೇ ಮಾಡುವಂತೆ ಕಲಿಸುವುದು ನನ್ನ ಸಂಶೋಧನೆ. ಕಲಿಸಬೇಕೆಂದರೆ ಕೈಯಲ್ಲಿ ಬಣ್ಣ ಹಚ್ಚಿದ ಉದಾಹರಣೆಗಳು ಬೇಕು. ಕರಾವಳಿಯ ಒಂದು ಆಸ್ಪತ್ರೆಯಿಂದ ನಮಗೆ 62 ಹಳೆಯ ಸ್ಕ್ಯಾನುಗಳು ಬಂದವು. ಹೆಸರು, ಊರು, ಆಸ್ಪತ್ರೆಯ ನಂಬರು, ದಿನಾಂಕ ಎಲ್ಲ ತೆಗೆದು ಒಂದರಿಂದ ಅರವತ್ತೆರಡರವರೆಗೆ ಕ್ರಮಸಂಖ್ಯೆ. ವಯಸ್ಸು, ಗಂಡೋ ಹೆಣ್ಣೋ ಎಂಬುದಷ್ಟೇ ಉಳಿದಿತ್ತು. ಯಾವ ಸಂಖ್ಯೆ ಯಾರದ್ದು ಎಂಬ ಪಟ್ಟಿ ಆಸ್ಪತ್ರೆಯಲ್ಲೇ ಉಳಿಯಿತು. ಚಿಕಿತ್ಸೆ ಮುಗಿದ ಮೇಲೆ ಉಳಿದ, ಗುರುತು ಅಳಿಸಿದ ಮಾಹಿತಿಯನ್ನು ಬಳಸುವಾಗ ರೋಗಿಗಳ ಒಪ್ಪಿಗೆಯನ್ನು ಮತ್ತೆ ಕೇಳಬೇಕಿಲ್ಲ ಎಂದು ನೈತಿಕ ಸಮಿತಿ ವಿನಾಯಿತಿ ಕೊಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಅದಕ್ಕೆ ಅವಕಾಶ ಇದೆ. ನಮಗೂ ಸಿಕ್ಕಿತು. ಎಲ್ಲ ಕ್ರಮಬದ್ಧ.

ಇನ್ನು ಮುಂದೆ ಹೇಳುವುದರಲ್ಲಿ ಒಬ್ಬರ ವಿಚಾರ ಬರುತ್ತದೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಊರು, ಕೆಲಸ, ಗಾಯವಾದ ರೀತಿ, ಕ್ರಮಸಂಖ್ಯೆ ಎಲ್ಲ ಬದಲಿಸುತ್ತೇನೆ ಎಂದೆ. ಬದಲಿಸಿದ್ದನ್ನು ಓದಿ ಹೇಳಿದೆ. ‘ಎಂತ ಬೇಕಾದ್ರೂ ಮಾಡು, ಮೀಸೆ ಒಂದು ತೆಗೀಬೇಡ’ ಎಂದರು. ಹಾಗಾಗಿ ಮೀಸೆಯೊಂದು ನಿಜ.

ಹೋದ ವರ್ಷ ನವೆಂಬರಿನಲ್ಲಿ, ಕ್ರಮಸಂಖ್ಯೆ 37 ಎಂದಿಟ್ಟುಕೊಳ್ಳಿ, ಅದರ ಮುಂಭಾಗದ ಹಲ್ಲುಗಳ ಬುಡದಲ್ಲಿ ಮೂಳೆ ತೂತುತೂತಾಗಿ ಬರುತ್ತಿತ್ತು. ಗಡಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದೆ. ಮೌಸ್ ಜಾರಿತು. ಸಂಖ್ಯೆ ಸೊನ್ನೆ ದಾಟಿ ಮೈನಸ್ 300ರ ಹತ್ತಿರ ಹೋಯಿತು. ಅಲ್ಲಿ ಗಾಳಿಯನ್ನು ಬಿಟ್ಟು ಉಳಿದದ್ದೆಲ್ಲ ‘ವಸ್ತು’. ಮೂಳೆಯ ಮೇಲೆ ಚರ್ಮ ಮೂಡಿಬಂತು. ಕಣ್ಣಿನ ಕೆಳಗಿನಿಂದ ಕತ್ತಿನವರೆಗಿನ ಒಂದು ಮುಖ, ಜೇಡಿಮಣ್ಣಿನಲ್ಲಿ ಮಾಡಿದ ಹಾಗೆ. ಕೂದಲು ಇದರಲ್ಲಿ ಸರಿಯಾಗಿ ಬರುವುದಿಲ್ಲ, ಬಣ್ಣವಂತೂ ಇಲ್ಲವೇ ಇಲ್ಲ.

ಜಾರಿದ್ದು ಕೈತಪ್ಪು. ಆಮೇಲೆ ಅದನ್ನು ತಿರುಗಿಸಿ ನೋಡಿದ್ದು ಕೈತಪ್ಪಲ್ಲ. ಏನೋ ಪರಿಚಿತ ಅನ್ನಿಸಿತು, ತಿರುಗಿಸಿದೆ. ಕಿವಿ ನೋಡಿದೆ. ಗದ್ದದ ಮೇಲೆ ಮೂಳೆ ಬಿರುಕು ಬಿಟ್ಟ ಗೆರೆ ಇತ್ತು. ಮೆಣಸು ಕೊಯ್ಯಲು ಬಿದಿರೇಣಿ ಹತ್ತಿ ಬಿದ್ದು ಗದ್ದ ಒಡೆದುಕೊಂಡು ಕರಾವಳಿಯ ಆಸ್ಪತ್ರೆ ಸೇರಿದ್ದರೆಂದು ಅಮ್ಮ ಫೋನಿನಲ್ಲಿ ಹೇಳಿದ್ದು ನೆನಪಾಯಿತು. ನಮ್ಮೂರಿನವರು, ನಾನು ಹೈಸ್ಕೂಲಿಗೆ ಹೋಗುವಾಗ ಮೂರು ವರ್ಷ ಅವರ ಜೀಪಿನ ಹಿಂದೆ ಜೋತುಬಿದ್ದು ಹೋದವಳು. ನಾವೆಲ್ಲ ಅವರನ್ನು ಜೀಪಣ್ಣ ಎಂದೇ ಕರೆಯುತ್ತಿದ್ದದ್ದು. ಅವರ ಮೀಸೆಯಿಲ್ಲದ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಅವರ ಹೆಂಡತಿಯೂ ನೋಡಿರಲಿಕ್ಕಿಲ್ಲ.

ಗುರುತು ಅಳಿಸಿದ ಸ್ಕ್ಯಾನಿನಿಂದ ಗುರುತು ಹಿಡಿಯಬಹುದು ಎಂಬುದು ಹೊಸ ಸಂಗತಿಯೇನಲ್ಲ. 2019ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಸಂಶೋಧಕರು 84 ಜನರ ತಲೆಯ ಎಂ.ಆರ್.ಐ. ಚಿತ್ರಗಳಿಂದ ಮುಖ ಕಟ್ಟಿ, ಮುಖ ಗುರುತಿಸುವ ಸಾಫ್ಟ್‌ವೇರಿಗೆ ಅದೇ ಜನರ ಫೋಟೋಗಳ ಜೊತೆ ಕೊಟ್ಟು ನೋಡಿದರು. 70 ಜನರನ್ನು ಅದು ಸರಿಯಾಗಿ ಹೊಂದಿಸಿತು. ಆ ಲೇಖನವನ್ನು ನಾನು ಓದಿದ್ದೆ, ನನ್ನ ಅರ್ಜಿಯಲ್ಲಿ ಉಲ್ಲೇಖವನ್ನೂ ಮಾಡಿದ್ದೆ. ಮೆದುಳಿನ ಮೇಲೆ ಕೆಲಸ ಮಾಡುವವರು ಚಿತ್ರದಿಂದ ಮುಖದ ಭಾಗವನ್ನೇ ಅಳಿಸಿಹಾಕಿ ಕೊಡುತ್ತಾರೆ. ದವಡೆಯವರಿಗೆ ಆ ಸೌಕರ್ಯ ಕಡಿಮೆ, ನಮಗೆ ಬೇಕಾದ ಮೂಳೆಯೇ ಮುಖದ ಅರ್ಧ. ಓದಿ ಗೊತ್ತಿದ್ದದ್ದು ಬೇರೆ, ಮಧ್ಯಾಹ್ನ ಮೂರು ಗಂಟೆಗೆ ಚಹಾ ಆರುತ್ತಿರುವಾಗ ಜೀಪಣ್ಣ ಕಣ್ಣಿಲ್ಲದೆ ಎದುರು ಬಂದು ನಿಲ್ಲುವುದು ಬೇರೆ.

ಅಷ್ಟೇ ಆಗಿದ್ದರೆ ಫೈಲು ಮುಚ್ಚಿ, ನಾಚಿಕೆಪಟ್ಟುಕೊಂಡು, ಸುಮ್ಮನಿರುತ್ತಿದ್ದೆ. ಮರುದಿನ ಅದೇ ದವಡೆಗೆ ಬಣ್ಣ ಹಚ್ಚುವಾಗ ಎಡಗಡೆಯ ಕೊನೆಯಲ್ಲಿ, ದವಡೆ ಮೇಲಕ್ಕೆ ತಿರುಗುವ ಮೂಲೆಯಲ್ಲಿ, ಹೊರಬರದೆ ಅಡ್ಡ ಮಲಗಿದ ಬುದ್ಧಿಹಲ್ಲೊಂದು ಕಂಡಿತು. ಅದರ ಸುತ್ತ ಒಂದು ಕಪ್ಪು ಕುಳಿ. ಅಳೆದರೆ ಎರಡೂವರೆ ಸೆಂಟಿಮೀಟರಿಗೆ ಹತ್ತಿರ. ಇಂಥವು ಬಹುಪಾಲು ನೀರು ತುಂಬಿದ ಚೀಲಗಳು, ಕ್ಯಾನ್ಸರ್ ಅಲ್ಲ. ನೋವು ಕೊಡದೆ ನಿಧಾನಕ್ಕೆ ಮೂಳೆ ತಿನ್ನುತ್ತಾ ಬೆಳೆಯುತ್ತವೆ. ದವಡೆ ತೆಳುವಾದರೆ ಸಣ್ಣ ಪೆಟ್ಟಿಗೂ ಮುರಿಯಬಹುದು. ಅದೇ ಜಾಗದಲ್ಲಿ ಹೆಚ್ಚುಕಮ್ಮಿ ಅದೇ ಥರ ಕಾಣುವ ಗೆಡ್ಡೆಗಳೂ ಇವೆ, ತೆಗೆದು ಪರೀಕ್ಷಿಸದೆ ಯಾವುದೆಂದು ಖಚಿತವಾಗಿ ಹೇಳಲಾಗದು. ಇಷ್ಟು ನನಗೆ ಗೊತ್ತಿತ್ತು. ಇದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಸ್ಕ್ಯಾನ್ ತೆಗೆದು ಎರಡು ವರ್ಷಕ್ಕೂ ಮೇಲಾಗಿತ್ತು. ರೇಡಿಯಾಲಜಿ ವರದಿ ನಮಗೆ ಕೊಟ್ಟಿರಲಿಲ್ಲ, ಅದರಲ್ಲಿ ಹೆಸರಿರುತ್ತದಲ್ಲ.

ಗೈಡ್ ಹತ್ತಿರ ಹೋದೆ. ಕುಳಿಯ ವಿಚಾರ ಹೇಳಿದೆ, ಮುಖದ ವಿಚಾರ ಹೇಳಲಿಲ್ಲ. ಇದನ್ನು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನನಗೆ ನಾಚಿಕೆಯಿದ್ದದ್ದು ಮುಖದ ಬಗ್ಗೆ, ಕುಳಿಯನ್ನು ಕಂಡದ್ದರ ಬಗ್ಗೆ ಒಂದು ಥರದ ಹೆಮ್ಮೆಯೇ ಇತ್ತು. ಅವರು ಚಿತ್ರ ನೋಡಿ, ‘ಗದ್ದ ಒಡೆದದ್ದನ್ನು ನೋಡಿದ ರೇಡಿಯಾಲಜಿಸ್ಟಿಗೆ ಇಷ್ಟು ದೊಡ್ಡದು ಕಾಣದೆ ಇರುತ್ತಾ? ಆದರೂ ಆಸ್ಪತ್ರೆಗೆ ಬರಿ. ಕ್ರಮಸಂಖ್ಯೆ ಕೊಟ್ಟು, ಮೂಲ ವರದಿಯಲ್ಲಿ ಇದರ ಉಲ್ಲೇಖ ಇದೆಯೇ ನೋಡಿ ಅಂತ ಕೇಳು. ಬೇರೆ ಏನೂ ಮಾಡಬೇಡ. ನೀನು ಡಾಕ್ಟರಲ್ಲ’ ಎಂದರು. ಸರಿಯಾದ ಮಾತು. ಬರೆದೆ. ಒಂದು ವಾರ, ಎರಡು ವಾರ, ಒಂದು ತಿಂಗಳು ಉತ್ತರ ಬರಲಿಲ್ಲ. ನೆನಪಿಸಿ ಮತ್ತೊಂದು ಪತ್ರ ಬರೆದೆ. ಅದಕ್ಕೂ ಇಲ್ಲ.

ಆ ದಿನಗಳಲ್ಲಿ ನನ್ನ ತಲೆಯಲ್ಲಿ ತಿರುಗುತ್ತಿದ್ದ ವಾದ ಹೀಗಿತ್ತು. ಹೆಸರನ್ನು ಅಳಿಸಿದ್ದು ಯಾರನ್ನು ಕಾಪಾಡಲು? ಜೀಪಣ್ಣನನ್ನು. ಯಾರಿಂದ? ನನ್ನಂಥವರಿಂದ. ಆದರೆ ಈಗ ಅದೇ ಅಳಿಸುವಿಕೆ ಅವರಿಗೆ ಒಳ್ಳೆಯದಾಗಬಹುದಾದ ಒಂದು ಮಾತನ್ನು ತಡೆಯುತ್ತಿದೆಯಲ್ಲ. ಆಸ್ಪತ್ರೆಯಲ್ಲಿ ವರದಿ ಬರೆದಿರಬಹುದು. ಬರೆದದ್ದು ಅವರಿಗೆ ತಲುಪಿದೆಯೇ? ನಮ್ಮ ಕಡೆಯವರು ಕುದುರೆಮುಖದ ಕಾಡು ದಾಟಿ ಕಾರ್ಕಳ ಇಳಿದು ಆಸ್ಪತ್ರೆಗೆ ಹೋಗುವುದು ರಕ್ತ ಸುರಿದಾಗ. ಮೂಡಿಗೆರೆ ಕಡೆಯವರಾದರೆ ಚಾರ್ಮಾಡಿ. ಮಳೆಗಾಲದಲ್ಲಿ ಗುಡ್ಡ ಜರಿದರೆ ಅದೂ ಇಲ್ಲ. ‘ತಿಂಗಳು ಬಿಟ್ಟು ಬನ್ನಿ’ ಎಂದರೆ ಹೋಗುವವರು ಎಷ್ಟು ಜನ? ಡಾಕ್ಟರು ಹೇಳಿದ ಇಂಗ್ಲಿಷ್ ಹೆಸರನ್ನು ಮನೆಗೆ ಬರುವಷ್ಟರಲ್ಲಿ ಮರೆಯುತ್ತಾರೆ. ಸ್ಕ್ಯಾನಿನ ಲಕೋಟೆ ಅಕ್ಕಿ ಡಬ್ಬದ ಮೇಲೆ ಇರುತ್ತದೆ. ಇವೆಲ್ಲ ನನಗೆ ಚೆನ್ನಾಗಿ ಗೊತ್ತಿರುವ ಸಂಗತಿಗಳು, ನನ್ನ ಅಜ್ಜಿಯ ವಿಷಯದಲ್ಲಿ ಹೀಗೇ ಆಗಿತ್ತು. ಆದ್ದರಿಂದ ಜೀಪಣ್ಣನಿಗೆ ಗೊತ್ತಿಲ್ಲ ಎಂದು ನಾನು ಊಹಿಸಲಿಲ್ಲ, ತೀರ್ಮಾನಿಸಿಯೇಬಿಟ್ಟೆ.

ಇದರ ಎದುರು ನಾನೇ ಒಡ್ಡಿಕೊಂಡ ಪ್ರಶ್ನೆ, ಕದ್ದು ತಿಳಿದದ್ದಕ್ಕೂ ಹೊಣೆ ಇರುತ್ತದೆಯೇ ಎಂಬುದು. ಮಲೆನಾಡಿನ ಹಳೆಯ ಪೋಸ್ಟ್‌ಮ್ಯಾನ್‌ಗಳನ್ನು ನೆನೆಸಿಕೊಂಡೆ. ಕಾರ್ಡುಗಳು ತೆರೆದೇ ಇರುತ್ತಿದ್ದವು, ದಾರಿ ಉದ್ದ, ಅವರು ಓದುತ್ತಿದ್ದರು. ಓದು ಬಾರದವರಿಗೆ ಅವರೇ ಓದಿ ಹೇಳಬೇಕಿತ್ತು ಕೂಡ. ಸಾವಿನ ಸುದ್ದಿಯಿದ್ದರೆ ಮೊದಲು ಪಕ್ಕದ ಮನೆಯವರನ್ನು ಕರೆದು, ಆಮೇಲೆ ಕಾರ್ಡು ಕೊಡುತ್ತಿದ್ದರಂತೆ. ಕಾರ್ಡು ಓದಿದ್ದು ತಪ್ಪೇ, ಆದರೆ ಓದಿದ ಮೇಲೆ ಓದಿಲ್ಲದವರಂತೆ ಕೊಟ್ಟು ಹೋಗುವುದು ಅದಕ್ಕಿಂತ ದೊಡ್ಡ ತಪ್ಪಾಗುತ್ತಿತ್ತು. ಈ ಹೋಲಿಕೆ ನನಗೆ ಬಹಳ ಅನುಕೂಲವಾಗಿತ್ತು. ಅನುಕೂಲವಾಗಿದ್ದರಿಂದಲೇ ಸ್ವಲ್ಪ ಅನುಮಾನವೂ ಬರಬೇಕಿತ್ತು. ಪೋಸ್ಟ್‌ಮ್ಯಾನಿನ ಕೈಯಲ್ಲಿದ್ದ ಕಾರ್ಡು ಆ ಮನೆಗೆಂದೇ ಬಂದದ್ದು. ನನ್ನ ಕೈಯಲ್ಲಿದ್ದದ್ದು ಅವರ ಮನೆಗೆ ಹೋಗಬೇಕಾದದ್ದಲ್ಲ, ಅವರ ಮನೆಯಿಂದ ಅವರಿಗೆ ತಿಳಿಯದೆ ನನ್ನಲ್ಲಿಗೆ ಬಂದದ್ದು.

ನಮ್ಮ ವಿಷಯದವರು ಕಡೆಪಕ್ಷ ಒಂದು ದೇಹದ ಕತೆಯನ್ನಾದರೂ ಕೇಳಿರುತ್ತಾರೆ. ಅಮೆರಿಕದ ಟೆಕ್ಸಸ್‌ನಲ್ಲಿ ಜೋಸೆಫ್ ಪಾಲ್ ಜರ್ನಿಗನ್ ಎಂಬ ಕೊಲೆ ಅಪರಾಧಿಯನ್ನು 1993ರ ಆಗಸ್ಟಿನಲ್ಲಿ ವಿಷದ ಚುಚ್ಚುಮದ್ದು ಕೊಟ್ಟು ಗಲ್ಲಿಗೇರಿಸಿದರು ಎನ್ನುವಂತಿಲ್ಲ, ಕೊಂದರು. ತನ್ನ ದೇಹವನ್ನು ವಿಜ್ಞಾನಕ್ಕೆ ಕೊಡಲು ಅವನು ಒಪ್ಪಿ ಸಹಿ ಹಾಕಿದ್ದ. ದೇಹವನ್ನು ಸ್ಕ್ಯಾನ್ ಮಾಡಿ, ಹೆಪ್ಪುಗಟ್ಟಿಸಿ, ಒಂದೊಂದು ಮಿಲಿಮೀಟರಿಗೆ ಸವರುತ್ತಾ ಸಾವಿರದ ಎಂಟುನೂರಕ್ಕೂ ಹೆಚ್ಚು ಫೋಟೋ ತೆಗೆದು 1994ರಲ್ಲಿ ಇಂಟರ್ನೆಟ್ಟಿನಲ್ಲಿ ಬಿಟ್ಟರು. ‘ವಿಸಿಬಲ್ ಹ್ಯೂಮನ್’ ಎಂದು ಹೆಸರಿಟ್ಟರು, ಕಾಣುವ ಮನುಷ್ಯ. ಜಗತ್ತಿನ ಎಷ್ಟೋ ಅಂಗರಚನೆಯ ಪಾಠಗಳು, ಮಾದರಿಗಳು ಆ ಒಂದು ದೇಹದಿಂದ ಬಂದವು. ಹೆಸರನ್ನು ಹೇಳಿರಲಿಲ್ಲ, ಆದರೆ ಮರಣದಂಡನೆಯ ದಿನ, ರಾಜ್ಯ ಇವನ್ನು ಹೊಂದಿಸಿ ಪತ್ರಕರ್ತರು ಬೇಗ ಕಂಡುಹಿಡಿದರು. ಅವನು ಸಹಿ ಹಾಕಿದ್ದು ನಿಜ. ಹಾಕುವಾಗ ಅವನ ಮನಸ್ಸಿನಲ್ಲಿದ್ದದ್ದು ಹೆಚ್ಚೆಂದರೆ ಯಾವುದೋ ವೈದ್ಯಕೀಯ ಕಾಲೇಜಿನ ಮೇಜು. ಸಾವಿರಾರು ಅಪರಿಚಿತರು ಮೌಸಿನಲ್ಲಿ ತನ್ನನ್ನು ತಿರುಗಿಸುವ ದೃಶ್ಯವನ್ನು ಅವನು ಕಲ್ಪಿಸಿಕೊಂಡಿರಲು ಸಾಧ್ಯವೇ ಇರಲಿಲ್ಲ. ಒಪ್ಪಿಗೆ ಎನ್ನುವುದು ಒಪ್ಪಿದವನ ಕಲ್ಪನೆ ಎಷ್ಟು ದೂರ ಹೋಗುತ್ತದೋ ಅಷ್ಟೇ ದೂರ ಹೋಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಅದರಾಚೆಗೆ ಇರುವುದು ಕಾಗದ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋದರೆ ಮೋಸವಾಗುತ್ತದೆ. ನನ್ನ ಓದಿನ ಫೀಸು ಕಟ್ಟಿದ್ದು ಅಡಿಕೆ. ನಮ್ಮದು ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಹೆಚ್ಚಿನದ್ದು ಅಡಿಕೆ. ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿದ ವರದಿ 2004ರದ್ದು, ತಂಬಾಕು ಬೆರೆಸದಿದ್ದರೂ ಸೇರಿಯೇ. ಎಲೆಚುಕ್ಕಿ ರೋಗ ಬಂದು ತೋಟ ಒಣಗಿದಾಗ ನಾವು ಅತ್ತಿದ್ದೇವೆ. ಅದೇ ಅಡಿಕೆಯನ್ನು ಜಗಿದು ಜಗಿದು ಬಾಯಿ ಮೂರು ಬೆರಳು ಅಗಲವೂ ತೆರೆಯಲಾಗದ ದವಡೆಗಳು ನನ್ನ ಪರದೆಗೆ ಬರುತ್ತವೆ. ಆರಂಭದಲ್ಲಿ ಹಲ್ಲು ಪೂರ್ತಿ ಇರುವ ದವಡೆಗಳನ್ನೇ ಆರಿಸಿಕೊಳ್ಳೋಣ, ಲೆಕ್ಕ ಸುಲಭವಾಗುತ್ತದೆ ಎಂದು ನಾನೇ ಹೇಳಿದ್ದೆ. ಹಾಗೆ ಆರಿಸಿ ನೋಡಿದರೆ ಬಿಟ್ಟುಹೋದವರು ಹೆಚ್ಚಾಗಿ ವಯಸ್ಸಾದ ಹೆಂಗಸರು. ಲೈನ್ ಮನೆಗಳಲ್ಲಿ ಎಲೆಯಡಿಕೆ ಸಂಚಿ ಸೊಂಟಕ್ಕೆ ಸಿಕ್ಕಿಸಿ ಕಾಫಿ ಕೊಯ್ಯುವ, ನಲವತ್ತೈದಕ್ಕೇ ದವಡೆಹಲ್ಲು ಉದುರಿದವರು ನೆನಪಾದರು. ಅವರಿಗೇ ಈ ಮಾದರಿಯ ಅಗತ್ಯ ಹೆಚ್ಚು ಬೀಳುವುದು. ಆಮೇಲೆ ಎಲ್ಲರನ್ನೂ ಸೇರಿಸಿಕೊಂಡೆವು. ಹಲ್ಲು ಹೋದ ಜಾಗದಲ್ಲಿ ಕರಗಿ ತೆಳುವಾದ ಮೂಳೆಯನ್ನು ಕಂಪ್ಯೂಟರಿಗೆ ಕಲಿಸುವುದಕ್ಕೆ ಜೀಪಣ್ಣನ ದವಡೆ ನಮ್ಮಲ್ಲಿದ್ದ ಒಳ್ಳೆಯ ಉದಾಹರಣೆಗಳಲ್ಲಿ ಒಂದಾಗಿತ್ತು. ಅಂದರೆ ನನಗೆ ಅವರು ಬೇಕಾಗಿದ್ದರು. ಈ ಬೇಕಾಗುವಿಕೆಯನ್ನು ನನ್ನ ಕಾಳಜಿಯ ಲೆಕ್ಕದಿಂದ ಕಳೆದು ನೋಡಲು ನನಗೆ ಆಗಿಲ್ಲ.

ಜನವರಿಯಲ್ಲಿ ರೊಬಸ್ಟಾ ಕೊಯ್ಲಿಗೆ ಊರಿಗೆ ಹೋದೆ. ಅಂಗಳದ ತುಂಬ ಕಾಫಿ ಹರಡಿತ್ತು. ಜೀಪಣ್ಣ ಆಳುಗಳನ್ನು ಇಳಿಸಿ, ನಮ್ಮ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಅಮ್ಮ ಒಳಗೆ ಕಾಫಿ ಮಾಡುತ್ತಿದ್ದಳು. ನಾನು ಬಹಳ ತಯಾರಿ ಮಾಡಿಕೊಂಡಿದ್ದೆ. ಸುತ್ತಿಬಳಸಿ ಕೇಳುವುದು, ನನಗೆ ಗೊತ್ತಿದೆ ಎಂದು ತೋರಿಸಿಕೊಳ್ಳಬಾರದು ಎಂದೆಲ್ಲ.

‘ಅಣ್ಣಾ, ಗದ್ದದ ನೋವು ಹೇಗುಂಟು ಈಗ? ತೋರಿಸ್ಕೊಂಡು ಬಂದ್ರಾ ಮತ್ತೆ?’

‘ಅದೆಲ್ಲ ಗುಣ ಆಯ್ತು ಮಾರಾಯ್ತಿ.’

‘ಇನ್ನೊಂದ್ಸಲ ಹೋಗಿ ಬನ್ನಿ. ಎಡಗಡೆ ಹಿಂದೆ, ಬುದ್ಧಿಹಲ್ಲಿನ ಹತ್ತಿರ ಒಂದ್ಸಲ ನೋಡಿ ಅಂತ ಹೇಳಿ.’

ಅವರ ಕೈ ನಿಂತಿತು. ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿದರು. ದನಿ ತಗ್ಗಿಸಿ, ‘ಅದು ನಿಂಗೆ ಯಾರು ಹೇಳಿದ್ದು?’ ಎಂದರು.

ಅವರಿಗೆ ಗೊತ್ತಿತ್ತು. ಆಸ್ಪತ್ರೆಯಿಂದ ಬಿಡುವ ದಿನವೇ ಡಾಕ್ಟರು ಚಿತ್ರ ಹಿಡಿದು ತೋರಿಸಿ, ಆಪರೇಷನ್ ಬೇಕಾಗುತ್ತದೆ ಎಂದು ಹೇಳಿದ್ದರಂತೆ. ಒಂದು ಸಲ ಒಬ್ಬರೇ ಹೋಗಿ ಮತ್ತೆ ತೋರಿಸಿಕೊಂಡೂ ಬಂದಿದ್ದರು. ಮನೆಯಲ್ಲಿ ಹೇಳಿರಲಿಲ್ಲ. ಮಗಳಿಗೆ ಗಂಡು ನೋಡುತ್ತಿದ್ದರು. ದವಡೆಯಲ್ಲಿ ಗೆಡ್ಡೆ ಎಂದರೆ ಊರಿನ ಬಾಯಲ್ಲಿ ಅದು ಕ್ಯಾನ್ಸರ್ ಆಗಲು ಒಂದು ದಿನ ಸಾಕು. ಮದುವೆ ಆಗಲಿ, ಕೊಯ್ಲು ಮುಗಿಯಲಿ, ಆಮೇಲೆ ಮಾಡಿಸಿಕೊಳ್ಳುವುದು ಎಂದು ಅವರೇ ಲೆಕ್ಕ ಹಾಕಿ ಇಟ್ಟುಕೊಂಡಿದ್ದರು. ಡಾಕ್ಟರು ಬೇಗ ಬನ್ನಿ ಎಂದಿದ್ದರು, ಇವರು ಸ್ವಲ್ಪ ತಡವಾಗಿ ಬರುತ್ತೇನೆ ಎಂದಿದ್ದರು. ಆ ಲೆಕ್ಕ ತಪ್ಪಿರಬಹುದು. ಆದರೆ ಅದು ತಿಳಿದು ಹಾಕಿದ ಲೆಕ್ಕ. ನನ್ನ ಎಲ್ಲ ವಾದಗಳೂ ನಿಂತಿದ್ದದ್ದು ಅವರಿಗೆ ಗೊತ್ತಿಲ್ಲ, ಗೊತ್ತಾಗಿದ್ದರೂ ಅರ್ಥವಾಗಿಲ್ಲ ಎಂಬುದರ ಮೇಲೆ. ನಮ್ಮೂರಿನವರ ಬಗ್ಗೆ ನನಗಿರುವ ಪ್ರೀತಿಯೊಳಗೆ ಇಂಥದ್ದೊಂದು ಕೂತಿತ್ತು ಎಂದು ನನಗೆ ಅಂದು ತಿಳಿಯಿತು. ಓದಲು ಹೊರಗೆ ಹೋದವರಲ್ಲಿ ಇದು ಯಾವಾಗ ಹೊಕ್ಕುತ್ತದೋ.

ಯಾರು ಹೇಳಿದ್ದು ಎಂದದ್ದಕ್ಕೆ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಕೆಲಸ ಏನು, ಆ ಚಿತ್ರ ಹೇಗೆ ಬಂತು, ಹೆಸರಿರಲಿಲ್ಲ, ನಾನು ಮುಖ ನೋಡಿದೆ, ಎಲ್ಲ ಹೇಳಿದೆ. ಅವರು ಎಲೆ ಮಡಚಿ ಕೈಯಲ್ಲೇ ಹಿಡಿದುಕೊಂಡಿದ್ದರು.

‘ಯಾರ್ಯಾರು ನೋಡಿದ್ದಾರೆ?’

‘ನಾವು ಲ್ಯಾಬಿನಲ್ಲಿ ಐದು ಜನ. ಮುಖ ನೋಡಿದ್ದು ನಾನೊಬ್ಬಳೇ.’

‘ಎಷ್ಟು ದಿನದಿಂದ ಉಂಟು ನನ್ನ ತಲೆ ನಿಮ್ಮಲ್ಲಿ?’

‘ಒಂದೂವರೆ ವರ್ಷ.’

‘ಬಾಡಿಗೆ ಕೊಡ್ಬೇಕಲ್ಲ ಹಾಗಾದ್ರೆ’ ಎಂದರು. ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ನಾನು ಹತ್ತು ಕಡೆ ಸೈನು ಹಾಕಿದ್ದೇನೆ ಅಲ್ಲಿ. ಯಾವುದಕ್ಕೆ ಅಂತ ಯಾರು ಓದ್ತಾರೆ. ನೋಡಿದ್ದಕ್ಕಲ್ಲ ಬೇಜಾರು. ಮೂಳೆ ನೋಡಿ ಎಂತ ಮಾಡ್ತೀರಿ. ನೀನು ನೋಡಿದ್ದಿ ಅಂತ ನಂಗೆ ಗೊತ್ತಿಲ್ಲದೆ ಹೋಯ್ತಲ್ಲ, ಅದು ಬೇಜಾರು. ದೀಪಾವಳಿಗೆ ಬಂದಾಗ ನೀನು ಮಾತಾಡಿಸಿದ್ದಿ, ಗೊತ್ತಿಟ್ಕೊಂಡೇ ಮಾತಾಡಿಸಿದ್ದಾ?’

ದೀಪಾವಳಿ ಅದಕ್ಕಿಂತ ಮೊದಲೇ ಆಗಿಹೋಗಿತ್ತು, ಆಗ ನನಗೆ ಗೊತ್ತಿರಲಿಲ್ಲ. ಹಾಗೆಂದು ಹೇಳಿದೆ. ಅವರಿಗೆ ಅದು ದೊಡ್ಡ ಸಮಾಧಾನ ಕೊಟ್ಟ ಹಾಗೆ ಕಾಣಿಸಿತು. ನನಗೆ ಆಶ್ಚರ್ಯವಾಯಿತು. ಖಾಸಗಿತನ ಎಂದರೆ ಮಾಹಿತಿಯನ್ನು ಯಾರಿಗೂ ಕಾಣದಂತೆ ಬೀಗ ಹಾಕಿಡುವುದು ಎಂದು ನಮ್ಮ ಅರ್ಜಿ ನಮೂನೆಗಳು ಕಲಿಸಿದ್ದವು, 2023ರ ಮಾಹಿತಿ ರಕ್ಷಣಾ ಕಾಯ್ದೆಯನ್ನು ಓದುವಾಗಲೂ ನಾನು ಹಾಗೇ ಓದಿಕೊಂಡಿದ್ದೆ. ಅವರು ಕೇಳುತ್ತಿದ್ದದ್ದು ಬೇರೆ. ಎದುರು ಕೂತವಳಿಗೆ ತನ್ನ ಬಗ್ಗೆ ಏನು ಗೊತ್ತು ಎಂಬುದು ತನಗೆ ಗೊತ್ತಿರಬೇಕು, ಅಷ್ಟು. ಕಳಸದಂಥ ಊರಿನಲ್ಲಿ ಎಲ್ಲರಿಗೂ ಎಲ್ಲರ ವಿಷಯವೂ ಗೊತ್ತು. ಯಾರಿಗೆ ಎಷ್ಟು ಗೊತ್ತು ಎನ್ನುವುದೂ ಗೊತ್ತಿರುವುದರಿಂದ ಬದುಕು ನಡೆಯುತ್ತದೆ.

ಮರುದಿನ ಅವರೇ ಬಂದರು, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಆಸ್ಪತ್ರೆಯವರು ಕೊಟ್ಟ ಸಿ.ಡಿ. ತಂದಿದ್ದರು. ಅಮ್ಮ ತೋಟಕ್ಕೆ ಹೋಗುವುದನ್ನು ನೋಡಿಕೊಂಡೇ ಬಂದದ್ದು. ಲ್ಯಾಬಿನ ಫೈಲನ್ನು ತೋರಿಸುವ ಹಕ್ಕು ನನಗಿಲ್ಲ, ಆದರೆ ಇದು ಅವರದ್ದೇ ಸಿ.ಡಿ. ಪೇಟೆಯ ಸ್ಟುಡಿಯೋದಲ್ಲಿ ಅದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದೆ. ಗಡಿಯ ಸಂಖ್ಯೆಯನ್ನು ಅವರ ಕೈಗೇ ಕೊಟ್ಟೆ. ಚರ್ಮ ಬಂತು, ಹೋಯಿತು, ಮೂಳೆ ಬಂತು. ಚರ್ಮ ಬಂದಾಗ ತುಟಿಯ ಮೇಲೆ ಬೆರಳಾಡಿಸಿಕೊಂಡು, ‘ಥೂ, ಹೆಂಗಸಿನ ಹಾಗೆ ಕಾಣ್ತೇನೆ’ ಎಂದರು. ಮೂಳೆಯನ್ನು ಬಹಳ ಹೊತ್ತು ತಿರುಗಿಸಿದರು. ಕೆಳಗಿನಿಂದ, ಗದ್ದದ ಕಡೆಯಿಂದ ನೋಡಿ, ಇದು ನಮ್ಮ ಅಪ್ಪನ ಗದ್ದ ಎಂದರು. ಕುಳಿಯನ್ನು ತೋರಿಸು ಎಂದರು, ತೋರಿಸಿದೆ. ಅಡ್ಡ ಸೀಳಿದ ಚಿತ್ರದಲ್ಲಿ ಅದರ ಹೊರಗೋಡೆ ಎಷ್ಟು ತೆಳುವಾಗಿದೆ ಎಂದು ನೋಡಿ, ಡಾಕ್ಟರು ಇದನ್ನು ಹೀಗೆ ತೋರಿಸಿರಲಿಲ್ಲ ಎಂದರು. ನಾನು ಏನೂ ಹೇಳಲಿಲ್ಲ. ನಾನು ಡಾಕ್ಟರಲ್ಲ ಎಂದಷ್ಟೇ ಹೇಳಿದೆ.

ಬೇಡವೆಂದರೆ ಅವರ ಸ್ಕ್ಯಾನನ್ನು ನಮ್ಮ ಸಂಗ್ರಹದಿಂದ ತೆಗೆಯಲು ಕೇಳುತ್ತೇನೆ ಎಂದೆ. ಪೂರ್ತಿ ಹೋಗುತ್ತದೆಯೇ ಎಂದು ಕೇಳಿದರು. ಆ ಪ್ರಶ್ನೆ ನನ್ನ ಪರೀಕ್ಷಕರೂ ಕೇಳಿಲ್ಲ. ಫೈಲು ಅಳಿಸಬಹುದು. ಆದರೆ ಅದನ್ನು ನೋಡಿ ಕಲಿತ ಪ್ರೋಗ್ರಾಮಿನೊಳಗೆ ಅವರ ದವಡೆ ಎಲ್ಲೆಲ್ಲಿ ಕರಗಿ ಸೇರಿದೆ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಅವರನ್ನು ಬಿಟ್ಟು ಮೊದಲಿನಿಂದ ಮತ್ತೆ ಕಲಿಸಬೇಕು. ಕಾಫಿಗೆ ಹಾಕಿದ ಚಿಕೋರಿಯನ್ನು ಆಮೇಲೆ ತೆಗೆಯಲು ಆಗುವುದಿಲ್ಲವಲ್ಲ, ಹಾಗೆ ಎಂದೆ. ‘ಹೊಸ ಕಾಫಿ ಮಾಡ್ಬೇಕು’ ಎಂದರು. ಹೌದು. ಯೋಚನೆ ಮಾಡಿ, ಕೊಯ್ಲು ಮುಗಿದ ಮೇಲೆ ಹೇಳುತ್ತೇನೆ ಎಂದರು.

ನಾನು ವಾಪಸು ಬಂದು ಒಂದು ವಾರಕ್ಕೆ ಆಸ್ಪತ್ರೆಯಿಂದ ಉತ್ತರ ಬಂತು. ಎರಡು ಸಾಲು. ಮೂಲ ವರದಿಯಲ್ಲಿ ಉಲ್ಲೇಖವಿದೆ, ರೋಗಿಗೆ ತಿಳಿಸಲಾಗಿದೆ. ಗೈಡ್‌ಗೆ ಆಗ ಮುಖದ ವಿಚಾರವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ನೈತಿಕ ಸಮಿತಿಗೆ ಬರೆದು ತಿಳಿಸುವಂತೆ ಹೇಳಿದರು. ತಿಳಿಸಿದೆ. ಈಗ ಸ್ಕ್ಯಾನುಗಳು ನಮಗೆ ಬರುವ ಮೊದಲೇ ಚರ್ಮದ ಭಾಗವನ್ನು ಖಾಲಿ ಮಾಡಿ ಕಳಿಸುತ್ತಾರೆ. ಗಡಿ ಎಷ್ಟು ಕೆಳಗೆ ಇಳಿಸಿದರೂ ಯಾರೂ ಬರುವುದಿಲ್ಲ.

ಅವರು ಹೇಳುವವರೆಗೆ ಕ್ರಮಸಂಖ್ಯೆ 37ನ್ನು ಬಳಸಬಾರದು ಎಂದು ಬೇರೆ ಫೋಲ್ಡರಿನಲ್ಲಿ ಇಟ್ಟು, ಉಳಿದ 61ರಿಂದ ಪ್ರೋಗ್ರಾಮಿಗೆ ಮೊದಲಿನಿಂದ ಕಲಿಸಿದೆ. ಹನ್ನೊಂದು ದಿನ ಹಿಡಿಯಿತು. ಹಲ್ಲಿಲ್ಲದ ದವಡೆಗಳಲ್ಲಿ ಅದು ಮೊದಲಿಗಿಂತ ಸ್ವಲ್ಪ ಹೆಚ್ಚು ತಪ್ಪು ಮಾಡುತ್ತದೆ. ಅವರ ಆಪರೇಷನ್ ಏಪ್ರಿಲ್ಲಿನಲ್ಲಿ ಆಯಿತು, ಮಗಳ ಮದುವೆಯಾಗಿ ಹದಿನೈದು ದಿನಕ್ಕೆ. ತೆಗೆದದ್ದು ನೀರಿನ ಚೀಲವೇ. ಮೊನ್ನೆ ಫೋನ್ ಮಾಡಿದ್ದರು. ಈ ಬರಹವನ್ನು ಓದಿ ಹೇಳಿದ್ದು ಆಗಲೇ. ಕೊನೆಗೆ ಫೋಲ್ಡರಿನ ವಿಷಯ ಕೇಳಿದೆ. ಕರಿಮೆಣಸು ಇನ್ನೂ ಮರದ ಮೇಲೇ ಉಂಟು, ಕೊಯ್ಲು ಎಲ್ಲಿ ಮುಗಿಯಿತು ಎಂದರು.